ಒಣಗಿದ ಅಂಗಿ

ಒಲೆಯ ಮೇಲಿನ ಹಗ್ಗದಲ್ಲಿ ನೇತಾಡುತ್ತಿದ್ದ ಅಪ್ಪನ ಅಂಗಿಯನ್ನು ಮುಟ್ಟಿದ ಮೋಕ್ಷಿತಾ ಕೈ ಹಿಂದಕ್ಕೆ ತೆಗೆದುಕೊಂಡಳು. ಅಂಗಿ ಹಪ್ಪಳದಂತೆ ಒಣಗಿತ್ತು.

ಅಪ್ಪ ಶೇಖರ ಉಪ್ಪುಂದದ ದೋಣಿಕಾರ. ಆಷಾಢದ ಕಡಲಿಗೆ ಹೋದವನು, ದೋಣಿ ಮಗುಚಿ ಕಾಣೆಯಾಗಿದ್ದ. ಜತೆಗಿದ್ದವರು ಈಜಿ ದಡ ಸೇರಿದರು. ಅವನೂ ಬರಲಿಲ್ಲ, ಹೆಣವೂ ಬರಲಿಲ್ಲ. ಏನೂ ಸಿಗದೆ ಬೊಜ್ಜ, ಅಂದರೆ ಸತ್ತವರ ಉತ್ತರಕ್ರಿಯೆ, ಮಾಡುವುದಕ್ಕೆ ಹೆಂಡತಿ ಸುಗುಣ ಸುತರಾಂ ಒಪ್ಪಲಿಲ್ಲ. ಅನ್ನ ಬಿಟ್ಟು ಕಡಲಬದಿಯಲ್ಲಿ ಕೂತಳು. ನಿನ್ನೆ ಅವಳ ತಮ್ಮ ಜಿತೇಂದ್ರ, ತ್ರಾಸಿಯಲ್ಲಿ ದಡಕ್ಕೆ ಬಿದ್ದಿತ್ತೆಂದು ಈ ಅಂಗಿ ತಂದ. ಹೋಗುವ ದಿನ ಅವನು ತೊಟ್ಟಿದ್ದ ಅದೇ ಚೌಕುಳಿ, ತೊಪ್ಪೆಯಾಗಿ ಒದ್ದೆ, ಕಿಸೆಯಲ್ಲಿ ಮರಳು. ಸುಗುಣ ಅದನ್ನು ಎದೆಗೊತ್ತಿಕೊಂಡು ಗೋಳೋ ಎಂದು ಅತ್ತು, ಆಮೇಲೆ ಒಂದು ಬಟ್ಟಲು ಗಂಜಿ ಉಂಡಳು. ಬೊಜ್ಜಕ್ಕೆ ದಿನವೂ ಗೊತ್ತಾಯಿತು.

ಮೋಕ್ಷಿತಾ ದೂರದ ಊರಿನಲ್ಲಿ ಪಿಎಚ್‌ಡಿ ಮಾಡುವವಳು. ಗಣಿಯ ತಳದಲ್ಲಿ ಯಂತ್ರವಿಟ್ಟು ಡಾರ್ಕ್ ಮ್ಯಾಟರ್ ಎಂಬ ಕಣ್ಣಿಗೆ ಕಾಣದ ದ್ರವ್ಯ ಹುಡುಕುವ ಕೆಲಸ. ಇದೆ ಎಂದು ಲೆಕ್ಕ ಹೇಳುತ್ತದೆ, ಇಲ್ಲಿಯವರೆಗೆ ಯಾರ ಕೈಗೂ ಸಿಕ್ಕಿಲ್ಲ. ಊರಿನವರು ನಗುತ್ತಿದ್ದರು, ನಗದೆ ಇನ್ನೇನು ಮಾಡಿಯಾರು? ಅವಳ ಗೈಡ್ ಬಾರ್ಕೂರಿನ ವಿಜೇತಾ ಮೇಡಂ ಕರುಣೆಯಿಲ್ಲದ ಹೆಂಗಸು. ಯಂತ್ರ ಕೊಟ್ಟ ನಿಜವಾದ ಅಂಕಿಗಳ ನಡುವೆ, ವಿದ್ಯಾರ್ಥಿಗಳನ್ನು ಪರೀಕ್ಷಿಸಲೆಂದು ಅವರಿಗೆ ತಿಳಿಸದೆ, ತಾವೇ ತಯಾರಿಸಿದ ಸುಳ್ಳು ಗುರುತು ಸೇರಿಸಿಡುತ್ತಿದ್ದರು. ಆ ಕೆಲಸದವರು ಅದಕ್ಕೆ ಉಪ್ಪು ಹಾಕುವುದು ಎನ್ನುತ್ತಾರೆ. ಒಮ್ಮೆ ಮೋಕ್ಷಿತಾ ಅಂಥದೊಂದನ್ನು ಕಂಡು ಕುಣಿದು, ಸಿಕ್ಕಿತೆಂದು ಅಪ್ಪನಿಗೆ ಫೋನೂ ಮಾಡಿಬಿಟ್ಟಿದ್ದಳು. ಮೇಡಂ ಎಲ್ಲರೆದುರೇ ಹೇಳಿದರು: "ಅದ್ ನಾ ಹಾಕಿದ್ ಉಪ್ಪ್, ಹೆಣ್ಣೆ. ಬೇಕಾದ್ದ್ ಸಿಕ್ದಾಗ್ಳೇ ಜಾಸ್ತಿ ಹೆದ್ರ್ಕ್."

ಸಿಕ್ಕಾಗಲೇ ಹೆದರಬೇಕೆಂಬ ಪಾಠವನ್ನು ಚಪ್ಪಲಿಯ ಹಾಗೆ ಅಂಗಳದಲ್ಲಿ ಬಿಟ್ಟು ಒಳಗೆ ಬರಲಿಕ್ಕಾಗುತ್ತದೆಯೇ? ಕಡಲಲ್ಲಿ ನೆನೆದ ಬಟ್ಟೆ ಮಳೆಗಾಲದಲ್ಲಿ ಹೀಗೆ ಒಣಗುವುದಿಲ್ಲ. ಉಪ್ಪು ಗಾಳಿಯ ಪಸೆ ಎಳೆದು ಅಂಟಂಟಾಗಿಯೇ ಇರುತ್ತದೆ. ಅವಳು ತೋಳಿನ ತುದಿಯನ್ನು ನಾಲಗೆಗೆ ತಾಗಿಸಿದಳು. ಸಪ್ಪೆ.

ಮಾವನನ್ನು ಬಾವಿಕಟ್ಟೆಗೆ ಕರೆದು ಕೇಳಿದಾಗ ಜಿತೇಂದ್ರ ಸುಳ್ಳು ಹೇಳಲಿಲ್ಲ. ಯಾರದೋ ಮದುವೆಗೆ ಭಾವನೂ ತಾನೂ ಒಂದೇ ತಾನಿನಲ್ಲಿ ಹೊಲಿಸಿಕೊಂಡ ಅಂಗಿಗಳು. ಅಕ್ಕ ಸೊರಗುವುದನ್ನು ನೋಡಲಾರದೆ ತನ್ನದನ್ನೇ ಅದ್ದಿ ತಂದಿದ್ದ. ಕಡಲಬದಿಯಲ್ಲಿ ಜನ ನೋಡುತ್ತಾರೆಂದು ಹೆದ್ದಾರಿಯಾಚೆಯ ಹೊಳೆಗೆ ಇಳಿದಿದ್ದ. ಮಳೆಗಾಲದ ಸಿಹಿನೀರು.

"ನೀ ಹುಡ್ಕುದ್ ಸಿಕ್ದಿರೂ ನಿಂಗೆ ಡಾಕ್ಟ್ರ್ ಅಂಬ್ರ್," ಎಂದ ಮಾವ. "ಗಂಡ ಸಿಕ್ದಿರೆ ನಿನ್ನಮ್ಮಂಗೆ ಎಂತ ಅಂಬುದ್, ಹೇಳ್?"

ಮೋಕ್ಷಿತಾ ಬಾಯಿ ಮುಚ್ಚಿಕೊಂಡಿರುವುದೇ ಸರಿ ಎಂದುಕೊಂಡು ಒಳಗೆ ಬಂದಳು. ಸುಗುಣ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಮಡಿಸುತ್ತಿದ್ದಳು.

"ಅಪ್ಪಯ್ಯಂದೇ ಅಲ್ದಾ ಮಗಾ? ನೀ ಓದ್ದವ್ಳ್. ನೀ ಹೌದಂದ್ರೆ ನಾ ಬಳೆ ತೆಗಿತೆ."

ಒಂದು ಹೌದು ಸಾಕಿತ್ತು. ಹೇಳಬೇಕೆಂದೇ ಬಾಯಿ ತೆರೆದಳು.

"ಅಲ್ಲ ಅಮ್ಮ. ಅದ್ ಮಾವಂದ್."

ಸುಗುಣ ಮಡಿಸುತ್ತಿದ್ದ ಅಂಗಿಯನ್ನು ಕೆಳಗಿಟ್ಟಳು. "ಹಂಗಾರೆ ಅವ್ರ್ ಇನ್ನೂ ಇದ್ರಾ?"

ಸಿಗಲಿಲ್ಲ ಎಂದರೆ ಇಲ್ಲ ಎಂದಲ್ಲ ಎಂದು ಪುಟಗಟ್ಟಲೆ ಬರೆದವಳು ಮೋಕ್ಷಿತಾ. ಅದನ್ನು ಈ ಅಡುಗೆಮನೆಯಲ್ಲಿ ಹೇಗೆ ಹೇಳುವುದು?

"ಗೊತ್ತಿಲ್ಲ."

ಹೊಸ್ತಿಲಲ್ಲಿ ನಿಂತು ಕೇಳಿಸಿಕೊಂಡ ಜಿತೇಂದ್ರ ಅಂಗಳಕ್ಕೆ ಉಗಿದು ನಡೆದುಬಿಟ್ಟ. ಸುಗುಣ ಯಾರನ್ನೂ ಬೈಯಲಿಲ್ಲ. ಎದ್ದು ಗೋಡೆಯ ಕನ್ನಡಿಯ ಮುಂದೆ ನಿಂತಳು. ಕುಂಕುಮದ ಕರಡಿಗೆ ತೆರೆದು, ಹಣೆಯಲ್ಲಿ ಮಾಸಿದ್ದ ಬೊಟ್ಟಿನ ಮೇಲೆಯೇ ಇನ್ನೊಂದು ದೊಡ್ಡ ಬೊಟ್ಟನ್ನು ಒತ್ತಿ ಇಟ್ಟಳು. ಆಮೇಲೆ ಗಂಜಿಯ ಪಾತ್ರೆಗೆ ಮುಚ್ಚಳ ಹಾಕಿ, ಹೊಯ್ಯುವ ಮಳೆಯಲ್ಲೇ ಕಡಲಿನ ಕಡೆ ಇಳಿದಳು.