ಎಡಗೈಯ ಕೆಚ್ಚು

ಇಳಕಲ್ಲಿನ ರತ್ನಾಬಾಯಿ ಕೆಚ್ಚಿದ ಹಾಸು ಬಿಟ್ಟುಕೊಂಡದ್ದನ್ನು ಕಂಡವರಿಲ್ಲ. ಊರು ಹಾಗೆ ಹೇಳುತ್ತಿತ್ತೋ ಇಲ್ಲವೋ, ರತ್ನಾಬಾಯಿಯಂತೂ ದಿನಕ್ಕೊಮ್ಮೆ ಹೇಳುತ್ತಿದ್ದಳು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳೇ ಹಾಸು. ಹಳೆಯ ಹಾಸು ಮುಗಿಯುತ್ತ ಬಂದಾಗ, ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಲ್ಲಿ ಹೊಸೆದು ಕೂಡಿಸಬೇಕು. ಅದೇ ಕೆಚ್ಚುವುದು. ಗಂಟು ಹಾಕುವಂತಿಲ್ಲ, ಗಂಟು ಎಳೆಗಳು ಹಾಯ್ದು ಬರುವ ಹಣಿಗೆಯ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಬೆರಳಿಗೆ ಒಲೆಯ ಬೂದಿ ಹಚ್ಚಿಕೊಂಡು ಹೊಸೆಯುತ್ತ ಹೋಗುವುದು, ಸಾವಿರಾರು ಎಳೆ. ಹೇಳುವವರಿಗೇನು, ಕೂತವರ ಸೊಂಟವನ್ನು ಕೇಳಬೇಕು.

ಇಂಥ ಹೆಂಗಸಿನ ಬಾಗಿಲಿಗೆ ಹೈಸ್ಕೂಲಿನ ಹಣಮೇಶ ಮಾಸ್ತರರು ಬಂದು ನಿಂತರು. ಒಂಬತ್ತನೇ ತರಗತಿಯ ಮಕ್ಕಳಿಗೆ ಶನಿವಾರ ಶನಿವಾರ ಕೈಕಸುಬು ಕಲಿಸಬೇಕಂತೆ.

"ಚಿತ್ರಾ ನೋಡಿ ಈಸೋದು ಕಲೀತಾರೇನ್ರಿ ಬಾಯಾರ? ನಿಮ್ಮ ಮಗ್ಗಕ್ಕ ಒಂದೀಟು ಕೈ ಹಚ್ಚಸ್ರಿ," ಎಂದರು ಮಾಸ್ತರರು.

"ಕಳಸ್ರಿ, ಕಳಸ್ರಿ. ನನ್ನ ಕೈಯಾಗ ಸಿಕ್ರ ಅಗಸರ ಕತ್ತಿನೂ ನೇಯೋದು ಕಲೀತೈತಿ," ಎಂದಳು ರತ್ನಾಬಾಯಿ.

ಆಗ ಮಗ್ಗಕ್ಕೆ ಏರಬೇಕಾಗಿದ್ದದ್ದು ಅಂತಿಂಥ ಹಾಸಲ್ಲ. ಹುನಗುಂದದ ಶಾರವ್ವ ಮಗಳ ಮದುವೆಗೆಂದು ಹೇಳಿಹೋದ ಧಾರೆ ಸೀರೆಯ ಹಾಸು. "ಮದವಿ ಸೀರಿ ಮ್ಯಾಲ ಹುಡುಗ್ರನ್ನ ಕೂಡ್ರಸ್ತಿಯೇನವಾ, ತಲಿ ನೆಟ್ಟಗೈತಿಲ್ಲೋ?" ಎಂದು ಪಕ್ಕದ ಮನೆಯವರು ಹೆದರಿಸಿದರು. "ಗೋಣಿ ಮ್ಯಾಲ ಕಲತಾಂವ ಗೋಣೀನ ನೇಯ್ತಾನ," ಎಂದು ಅವರ ಬಾಯಿ ಮುಚ್ಚಿಸಿದಳು. ಆದರೆ ಒಳಗೊಳಗೆ ಅಳುಕಿತ್ತು. ಈ ಹಾಸು ಕೆಟ್ಟರೆ ಮುಹೂರ್ತಕ್ಕೆ ಇನ್ನೊಂದು ಸಿದ್ಧವಾಗುವುದಿಲ್ಲ, ಇಷ್ಟು ವರ್ಷ ಉಳಿಸಿಕೊಂಡ ಹೆಸರು ಮಣ್ಣಾಗುತ್ತದೆ.

ಮೊದಲೆರಡು ಶನಿವಾರ ಚೂರು ದಾರದ ಮೇಲೆ ರೂಢಿ ಮಾಡಿಸಿದಳು. ಆ ಗದ್ದಲದಲ್ಲಿ ಯಾರು ಯಾವ ಕೈ ಹಚ್ಚುತ್ತಾರೆಂದು ಗಮನಿಸಿರಲಿಲ್ಲ. ಮೂರನೆಯದಕ್ಕೆ ಮಕ್ಕಳನ್ನು ಹಾಸಿನ ಮುಂದೆ ಸಾಲಾಗಿ ಕೂರಿಸಿದಳು. ಎಡ ಅಂಚಿಗೆ ಕೂತವಳು ಭಾಗ್ಯಜ್ಯೋತಿ, ಮರೋಳದಿಂದ ಬಸ್ಸಿಗೆ ಬರುವ ರೈತರ ಮನೆಯ ಹುಡುಗಿ. ಕೂತವಳೇ ಬೂದಿಗೆ ಎಡಗೈ ಚಾಚಿದಳು.

"ಏ, ಏ! ಅದ್ಯಾವ ಕೈಲೇ ಅದು? ಕಸಬಿಗೊಂದು ರೀತಿ ಐತಿ. ಬಲಗೈಲೆ ಹಿಡಿ, ಹೆಬ್ಬಟ್ಟು ಮುಂದಕ್ಕ ತಿಕ್ಕು," ಎಂದು ರತ್ನಾಬಾಯಿ ಗದರಿದಳು.

"ನನಗ ಎಡಗೈನ ರೂಢಿರಿ..."

"ರೂಢಿ ಮಾಡಿಸಾಕ ನಾ ಅದೀನಿ."

ಹುಡುಗಿ ತುಟಿ ಕಚ್ಚಿಕೊಂಡು ಬಲಗೈಯಲ್ಲಿ ಶುರುಮಾಡಿದಳು. ರತ್ನಾಬಾಯಿ ತಲೆಯ ಮೇಲೆಯೇ ನಿಂತು ಕಾದಳು. ಆಮೇಲೆ ಮಕ್ಕಳಿಗೆ ಚಹಾ ಮಾಡಲು ಒಳಗೆ ಹೋದಳು. ಬಂದು ನೋಡಿದರೆ ಭಾಗ್ಯಜ್ಯೋತಿಯ ಪಾಲು ಮುಗಿದೇಹೋಗಿತ್ತು, ಉಳಿದವರು ಇನ್ನೂ ಅರ್ಧ ದಾರಿಯಲ್ಲಿದ್ದರು.

ಎಲ್ಲರದೂ ಮುಗಿದು, ಮಕ್ಕಳನ್ನು ಕರೆದೊಯ್ಯಲು ಮಾಸ್ತರರೂ ಬಂದ ಮೇಲೆ ರತ್ನಾಬಾಯಿ ಹಳೆಯ ಹಾಸನ್ನು ಹಿಡಿದು ಮೆಲ್ಲಗೆ ಮುಂದಕ್ಕೆಳೆದಳು. ಅದರ ಬೆನ್ನಿಗೆ ಹೊಸ ಎಳೆಗಳು ಹಣಿಗೆಯಲ್ಲಿ ತೂರಿಕೊಂಡು ಬರಬೇಕು. ಬಂದವು, ಬಂದವು. ಅಷ್ಟರಲ್ಲಿ ಎಡ ಅಂಚಿನಲ್ಲಿ ಅಂಗೈಯಗಲದಷ್ಟು ಎಳೆಗಳು ಸರ್ರನೆ ಬಿಚ್ಚಿಕೊಂಡು ಜೋತುಬಿದ್ದವು. ರತ್ನಾಬಾಯಿಯ ಕಣ್ಣು ನೇರ ಭಾಗ್ಯಜ್ಯೋತಿಯ ಕೈಗೆ ಹೋಯಿತು. ಬೂದಿ ಎಡಗೈಯ ಬೆರಳಿಗೂ ಮೆತ್ತಿತ್ತು.

"ನಾ ಒಳಗ ಹೋದ ಕೂಡ್ಲೆ ಎಡಗೈ ಹಚ್ಚಿದಿ, ಹೌದಲ್ಲೋ? ಮುಗೀತು ಹಾಸಿನ ಕತಿ! ಮುಂದಿನ ವಾರದಿಂದ ಬರಬ್ಯಾಡ ನೀ," ಎಂದು ರೇಗಿದಳು.

ಹುಡುಗಿಯ ಕಣ್ಣಲ್ಲಿ ನೀರು ಬಂತು, ಆದರೆ ಮಾತು ನಡುಗಲಿಲ್ಲ. "ಎಡಗೈ ಹಚ್ಚಿದ್ದು ಖರೇರಿ. ಆದ್ರ ಬಿಚ್ಚಿದ್ದು ಅದಲ್ಲರಿ. ಅಂಚಿನ ಎಳಿ ನೀವು ನಿಂತು ಬಲಗೈಲೆ ಮಾಡಿಸಿದ್ದು. ಅದರ ಬಾಜೂಕಿನವು ಎಡಗೈವು. ಜಗ್ಗಿ ನೋಡ್ರಿ."

ರತ್ನಾಬಾಯಿ ಜಗ್ಗಿದಳು. ಎಳೆ ಅಲುಗಲಿಲ್ಲ. ಸಿಟ್ಟಿನಲ್ಲಿ ಇನ್ನೂ ಬಿರುಸಾಗಿ ಜಗ್ಗಿದಳು. ಕಡೆಗೆ ದಾರವೇ ಹರಿಯಿತು, ಕೆಚ್ಚು ಹಾಗೇ ಇತ್ತು.

"ಹೆಂಗ ಹೊಸಿದಿ?"

"ಎಡಗೈಲೆ ಮುಂದಕ್ಕ ತಿಕ್ಕಿದ್ರ ದಾರದ ಹುರಿ ಬಿಚ್ಚತಿತ್ತರಿ. ಹೆಬ್ಬಟ್ಟು ಹಿಂದಕ್ಕ ತಿಕ್ಕಿದೆ. ಹುರಿ ಗಟ್ಟಿ ಆತು."

ರತ್ನಾಬಾಯಿ ತನ್ನ ಎಡಗೈಯಲ್ಲೇ ಒಂದು ಎಳೆ ಹಿಡಿದು ಮುಂದಕ್ಕೆ ತಿಕ್ಕಿ ನೋಡಿದಳು, ಹಿಂದಕ್ಕೆ ತಿಕ್ಕಿ ನೋಡಿದಳು. ಹುಡುಗಿ ಹೇಳಿದ್ದು ಸರಿಯಾಗಿತ್ತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು. ಕಲಿಸಿದ್ದನ್ನು ಒಪ್ಪಿಸುವವರು ಸಿಗುತ್ತಾರೆ, ಕೈಗೆ ತಕ್ಕ ದಾರಿ ತಾನೇ ಹುಡುಕಿಕೊಳ್ಳುವವರು ಎಲ್ಲಿ ಸಿಗಬೇಕು?

"ಇನ್ನೇನು ಮಾರಿ ನೋಡ್ತಿ? ಕೂಡು. ಬಿಚ್ಚಿದ್ದಷ್ಟೂ ನಿನ್ನ ಕೈಲೇನ ಆಗಬೇಕು," ಎಂದಳು.

ಭಾಗ್ಯಜ್ಯೋತಿ ಬಗ್ಗಿ ಕೂತು ಆಗಲೇ ಅರ್ಧ ಮುಗಿಸಿದ್ದಳು. ಆಗ ಹೊಸಿಲಲ್ಲಿ ಶಾರವ್ವ ಪ್ರತ್ಯಕ್ಷಳಾದಳು, ಕೈಯಲ್ಲಿ ಅರಿಷಿಣ ಕುಂಕುಮದ ಬಟ್ಟಲು. ಧಾರೆ ಸೀರೆಯ ಹಾಸು ಏರುವ ದಿನ ಮಗ್ಗಕ್ಕೆ ಕುಂಕುಮ ಹಚ್ಚುವುದು ಅವರ ಮನೆತನದ ಪದ್ಧತಿ. ಬಂದವಳು ಹುಡುಗಿಯ ಕೈ ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು.

"ಅಯ್ಯ ನಮ್ಮವ್ವ! ಮಂಗಳಕಾರ್ಯದ ಸೀರಿಗೆ ಎಡಗೈಯೇನ್ರಿ ರತ್ನಾಬಾಯಾರ? ನಮಗ ಈ ಸೀರಿ ಬ್ಯಾಡೇಬ್ಯಾಡ!"

ಹಣಮೇಶ ಮಾಸ್ತರರು ರತ್ನಾಬಾಯಿಯ ಮುಖ ನೋಡಿದರು. "ಏಳವಾ" ಎಂದೊಂದು ಮಾತು ಅವಳು ಹುಡುಗಿಗೆ ಹೇಳಿದ್ದರೆ ಸಾಕಿತ್ತು, ಸೀರೆಯೂ ಉಳಿಯುತ್ತಿತ್ತು, ಗಿರಾಕಿಯೂ ಉಳಿಯುತ್ತಿದ್ದಳು. ರತ್ನಾಬಾಯಿ ಸೆರಗು ಸಿಕ್ಕಿಸಿಕೊಂಡು ಎದುರಿಗೆ ಬಂದಳು.

"ಶಾರವ್ವಾರ, ನಾನೂ ನಿಮ್ಮಂಗ ಬೈದು ಬಲಗೈಲೆ ಮಾಡಿಸಿದೆ. ಬಲಗೈಲೆ ಮಾಡಿದ್ದು ಬಿಚ್ಚಿ ಬಿತ್ತು. ಎಡಗೈಲೆ ಮಾಡಿದ್ದು ಗಟ್ಟಿ ನಿಂತೈತಿ. ನಿಮ್ಮ ಮಗಳ ಸಂಸಾರಕ್ಕ ಯಾವದು ಬೇಕು, ನೀವ ಹೇಳ್ರಿ."

ಶಾರವ್ವ ಒಳಗೆ ಬಂದು ಬಗ್ಗಿ ಒಂದು ಎಳೆ ಹಿಡಿದು ಜಗ್ಗಿದಳು, ಇನ್ನೊಂದು ಜಗ್ಗಿದಳು. ಆಮೇಲೆ ಬಟ್ಟಲಲ್ಲಿ ಬೆರಳದ್ದಿ, ಮಗ್ಗಕ್ಕೆ ಹಚ್ಚುವ ಮುಂಚೆ ಹುಡುಗಿಯ ಕಡೆ ತಿರುಗಿದಳು.

"ಹಣಿ ತೋರಸವಾ ತಂಗಿ."

ಭಾಗ್ಯಜ್ಯೋತಿ ತಲೆ ಎತ್ತಲಿಲ್ಲ. "ಒಂದೀಟು ತಡೀರಿ ಅಮ್ಮಾರ, ಎಳಿ ಕೈಯಾಗೈತಿ," ಎಂದಳು.

ಹುನಗುಂದದ ಶಾರವ್ವ ಕುಂಕುಮದ ಬೆರಳು ಹಾಗೇ ಹಿಡಿದುಕೊಂಡು ಕಾಯುತ್ತ ನಿಂತಳು.