ಬ್ಯಾರೆ ಅಂತ ಬರಕೋರಿ

ಗುರುವಾರ ಮಧ್ಯಾಹ್ನ ಫೋನು ಮಾಡುತ್ತೇವೆ ಅಂತ ಕೌಂಟಿ ಆಫೀಸಿನವರು, ಅಂದರೆ ಇಲ್ಲಿ ಅಮೆರಿಕದ ಜಿಲ್ಲಾ ಕಚೇರಿಯವರು, ಮೊದಲೇ ತಿಳಿಸಿದ್ದರು. ಹಾಗಾಗಿ ಬೆಳಗ್ಗೆಯಿಂದ ಮನೆಯಲ್ಲಿ ಯಾರಿಗೂ ಗಂಟಲಲ್ಲಿ ತುತ್ತು ಇಳಿದಿರಲಿಲ್ಲ. ಯಾರಿಗೂ ಅಂದರೆ ನನಗೆ. ನನ್ನ ಗಂಡ ಆಕಾಶ ಎರಡು ಸಲ ಅವಲಕ್ಕಿ ಹಾಕಿಸಿಕೊಂಡು ತಿಂದಿದ್ದ.

ನಮ್ಮ ಮಗಳು ಸುಮನ್‌ಗೆ ಆರು ವರ್ಷ. ಹುಟ್ಟಿದಾಗಿನಿಂದ ಅವಳ ಹೃದಯದಲ್ಲೊಂದು ತೂತು. ಈಚೆಗೆ ನಾಲ್ಕು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಿದ್ದಳು. ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಕೊಟ್ಟಿದ್ದರು. ಅಷ್ಟರಲ್ಲಿ ಆಕಾಶನ ಕೆಲಸ ಹೋಯಿತು, ಅದರ ಜೊತೆ ಇನ್ಶೂರೆನ್ಸೂ ಹೋಯಿತು. ಶುಕ್ರವಾರದೊಳಗೆ ಬೇರೆ ಇನ್ಶೂರೆನ್ಸು ತೋರಿಸದಿದ್ದರೆ ಆ ದಿನ ಇನ್ನೊಂದು ಮಗುವಿಗೆ ಹೋಗುತ್ತದೆ, ನಿಮಗೆ ಮತ್ತೆ ಯಾವಾಗ ಅಂತ ಈಗ ಹೇಳಲಾರೆವು ಅಂತ ಆಸ್ಪತ್ರೆಯಾಕೆ ಮೆತ್ತಗೆ ಹೇಳಿದ್ದಳು. ಮೆತ್ತಗೆ ಹೇಳಿದರೆ ಮಾತಿನ ಭಾರ ಕಮ್ಮಿಯಾಗುತ್ತದೆಯೇ?

ಯೂನಿಯನ್ ಸಿಟಿಯ ಅಪಾರ್ಟ್ಮೆಂಟು ಬಿಟ್ಟು ಫ್ರೀಮಾಂಟಿನಲ್ಲಿರುವ ಆಕಾಶನ ಅಣ್ಣ, ನನ್ನ ಭಾವ ಕೇದಾರ ಅವರ ಮನೆಗೆ ಬಂದೆವು. ಭಾವ ಮದುವೆಯಾಗಿಲ್ಲ. ಮಾವ ತೀರಿಕೊಂಡ ಮೇಲೆ ತಮ್ಮನನ್ನು ಓದಿಸಿ, ಇಲ್ಲಿಗೆ ಕರೆಸಿಕೊಂಡು, ತಾಯಿಯನ್ನೂ ಕರೆತಂದು ಸಾಕಿದವರು. ನಾವು ಬಂದ ದಿನವೇ, "ಇದು ನಂದಲ್ಲ, ನಮ್ಮದು" ಅಂದರು. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಬಹಳ ಕಷ್ಟ. ನಾನು ಆ ಕಷ್ಟವನ್ನೂ ಪಟ್ಟಿದ್ದೇನೆ.

ಕಮ್ಮಿ ಆದಾಯದವರ ಮಕ್ಕಳಿಗೆ ಸರ್ಕಾರ ಕೊಡುವ ಇನ್ಶೂರೆನ್ಸು ಒಂದಿದೆಯಲ್ಲ, ಮೆಡಿ-ಕ್ಯಾಲ್, ಅದಕ್ಕೆ ಅರ್ಜಿ ಹಾಕಿದವನು ಆಕಾಶ. ನಾನು ಡೇಕೇರಿನಲ್ಲಿ ಕೆಲಸಕ್ಕೆ ಹೋಗಿದ್ದಾಗ ಒಬ್ಬನೇ ಕೂತು ತುಂಬಿದ. ಕುಟುಂಬದಲ್ಲಿ ಯಾರ್ಯಾರು ಅಂತ ಕೇಳಿದ್ದಕ್ಕೆ ಅವ್ವನಿಂದ ಹಿಡಿದು ಅಣ್ಣನವರೆಗೆ ಎಲ್ಲರನ್ನೂ ಸೇರಿಸಿದ. ಆದಾಯ ಅಂದಲ್ಲಿ ಅಣ್ಣನ ಸಂಬಳ ಬರೆದ. ಸಂಬಳ ಜಾಸ್ತಿಯಾಯಿತು, ಅರ್ಜಿ ವಾಪಸ್ಸು ಬಂತು.

"ಅಣ್ಣನ ಅನ್ನ ಉಂಡು, ಅಂವಾ ನಮ್ಮಾಂವ ಅಲ್ಲ ಅಂತ ಹೆಂಗ ಬರೀಲಿ?" ಅಂದ.

"ಟ್ಯಾಕ್ಸು ಬ್ಯಾರೆ ಕಟ್ಟೋರು ಬ್ಯಾರೆ ಕುಟುಂಬ. ಅಷ್ಟ ಅವರು ಕೇಳೋದು. ನಿನ್ನ ಎದಿ ಸೀಳಿ ತೋರ್ಸು ಅಂದಿಲ್ಲ!" ಅಂದೆ. ಮತ್ತೆ ಪರಿಶೀಲಿಸಿ ಅಂತ ನಾನೇ ಕೇಳಿಕೊಂಡೆ. ಆ ಫೋನೇ ಗುರುವಾರ ಬರಬೇಕಾಗಿದ್ದದ್ದು.

ಇನ್ನೊಂದು ವಿಷಯ ನನಗೆ ಗೊತ್ತಿರಲಿಲ್ಲ. ನಿಮಗೆ ಯಾವ ಭಾಷೆ ಬೇಕು ಅಂತ ಅರ್ಜಿಯಲ್ಲಿ ಕೇಳಿದ್ದಕ್ಕೆ ನನ್ನ ಗಂಡ ಅಭಿಮಾನದಿಂದ ಕನ್ನಡ ಅಂತ ಆರಿಸಿದ್ದ. ದಿನವಿಡೀ ಮೀಟಿಂಗುಗಳಲ್ಲಿ ಇಂಗ್ಲಿಷು ಉದುರಿಸಿದವನಿಗೆ ಸರ್ಕಾರ ಕನ್ನಡ ಕೊಡುತ್ತೇನೆ ಅಂದಾಗ ಬಿಡಲು ಮನಸ್ಸಾಗಲಿಲ್ಲವಂತೆ.

ಫೋನು ಬಂತು. ಎಲ್ಲರೂ ಕೇಳಲಿ ಅಂತ ಭಾವ ಅದನ್ನು ಸ್ಪೀಕರಿಗೆ ಹಾಕಿ ಊಟದ ಟೇಬಲ್ಲಿನ ನಡುವೆ ಇಟ್ಟರು. ಆಫೀಸಿನಾಕೆ ಇಂಗ್ಲಿಷಿನಲ್ಲಿ ಏನೋ ಅಂದಳು. ಹಿಂದೆಯೇ ಬೆಂಗಳೂರಿನ ಕಡೆಯ ಹೆಣ್ಣುದನಿ, "ನಮಸ್ಕಾರ ಸರ್, ನಾನು ಇಂಟರ್‌ಪ್ರಿಟರು, ಅವರು ಹೇಳಿದ್ದನ್ನ ಕನ್ನಡದಲ್ಲಿ ಹೇಳ್ತೀನಿ" ಅಂತು.

ಸೊಪ್ಪು ಬಿಡಿಸುತ್ತಿದ್ದ ನನ್ನ ಅತ್ತೆ ಶರಣವ್ವ ತಲೆ ಎತ್ತಿದರು. ಇಂಗ್ಲಿಷಿನಲ್ಲಿ ಅವರ ತಲೆಯ ಮೇಲಿಂದ ಹಾರಿಹೋಗಬೇಕಾಗಿದ್ದ ಮಾತೆಲ್ಲ ಈಗ ನೇರ ಅವರ ಕಿವಿಗೆ ಬೀಳುವಂತಾಗಿತ್ತು. ಹುಬ್ಬಳ್ಳಿಯಲ್ಲಿ ಮಾವ ದೇವೇಂದ್ರಪ್ಪ ಮತ್ತು ಅವರ ತಮ್ಮ ಪಾಲಾದಾಗ ಅಡುಗೆಮನೆಯ ನಡುವೆ ಗೋಡೆ ಕಟ್ಟಿದ್ದರಂತೆ. ಅದರ ಆಚೆ ಒಗ್ಗರಣೆ ಸಿಡಿದರೆ ಈಚೆ ಅಳುತ್ತಿದ್ದೆ ಅಂತ ಅತ್ತೆ ಹೇಳುತ್ತಿದ್ದರು. ಮಕ್ಕಳ ಒಲೆ ಮಾತ್ರ ತಾನಿರುವವರೆಗೆ ಒಂದೇ, ಅದು ಅವರ ಹಠ.

"ಟ್ಯಾಕ್ಸು ನೀವೂ ನಿಮ್ಮ ಅಣ್ಣನೂ ಒಟ್ಟಿಗೆ ಕಟ್ತೀರಾ ಸರ್?"

"ಬ್ಯಾರೆ," ಅಂದ ಆಕಾಶ.

"ಹಾಗಾದ್ರೆ ಅವರ ಸಂಬಳ ಯಾಕೆ ಬರೆದಿದ್ದೀರಿ? ನೀವಿಬ್ಬರೂ ಒಂದೇ ಕುಟುಂಬವಾ, ಬೇರೆ ಬೇರೆನಾ?"

ಆಕಾಶ ಅವ್ವನ ಮುಖ ನೋಡಿದ. ಅಣ್ಣನ ಮುಖ ನೋಡಿದ. ನನ್ನ ಮುಖ ನೋಡಲಿಲ್ಲ.

"ಒಂದೇ ಮನೀರಿ ನಮ್ದು," ಅಂದ.

ಅವನ ಕತ್ತು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಆ ಕಡೆ ಇಂಗ್ಲಿಷಿನಲ್ಲಿ ಮಾತಾಯಿತು. "ಒಂದೇ ಅಂದ್ರೆ ಅಣ್ಣನ ಸಂಬಳ ಲೆಕ್ಕಕ್ಕೆ ಬರುತ್ತೆ, ಹಳೇ ತೀರ್ಮಾನನೇ ಉಳಿಯುತ್ತೆ ಅಂತಿದ್ದಾರೆ. ಇನ್ನೊಂದ್ಸಲ ಯೋಚನೆ ಮಾಡಿ ಹೇಳಿ ಸರ್. ಅರ್ಜಿದಾರರು ನೀವು, ನೀವೇ ಹೇಳಬೇಕು."

"ಉಳೀಲಿ ಬಿಡು," ಭಾವ ತಗ್ಗಿದ ದನಿಯಲ್ಲಿ ಅಂದರು. "ಮನಿ ಮಾರತೀನಿ. ಕೂಸಿನ ಆಪರೇಷನ್ ನಾ ಮಾಡಸ್ತೀನಿ. ನಮ್ಮನ್ನ ಬ್ಯಾರೆ ಅನ್ನಾಕ ಇವರ್ಯಾರು?"

"ನಾಳೆ ಸಂಜಿ ಒಳಗ ಮಾರತೀರೇನು?" ನನ್ನ ಬಾಯಿ ತಡೆಯಲಿಲ್ಲ. ಭಾವನಿಗೆ ಎದುರುತ್ತರ ಕೊಟ್ಟದ್ದು ಅದೇ ಮೊದಲು. ಇವರ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಆ ಪ್ರೀತಿ ಅವತ್ತು ನನ್ನ ಮಗಳ ಎದೆಯ ಮೇಲೆ ಕೂತಿತ್ತು.

ಗಲಾಟೆ ಕೇಳಿ ಸುಮನ್ ಮಹಡಿಯಿಂದ ಇಳಿದು ಬಂದಳು. ಇಳಿದದ್ದಕ್ಕೇ ಏದುಸಿರು. "ವೈ ಈಸ್ ಎವ್ರಿಬಡಿ ಮ್ಯಾಡ್?" ಅನ್ನುತ್ತ ಅಜ್ಜಿಯ ಮಡಿಲಿಗೆ ಒರಗಿದಳು. ಅತ್ತೆ ಅವಳ ಬೆನ್ನ ಮೇಲೆ ಕೈಯಿಟ್ಟರು. ಕೈ ಉಸಿರಿನ ಜೊತೆ ಮೇಲೆ ಕೆಳಗೆ ಆಡುತ್ತಿತ್ತು. ತುಸು ಹೊತ್ತು ಆ ಕೈಯನ್ನೇ ನೋಡಿದರು.

ಆಮೇಲೆ ಫೋನಿನ ಕಡೆ ಬಗ್ಗಿದರು. "ತಂಗೀ, ಬ್ಯಾರೆ ಅಂತ ಬರಕೋರಿ. ನನ್ನ ಮಕ್ಕಳು ಬ್ಯಾರೆ ಬ್ಯಾರೆ ಅದಾರ."

"ಅವ್ವಾ!" ಅಂದರು ಭಾವ.

"ಸುಮ್ಕಿರು. ಆಕಾಶಾ, ನಿನ್ನ ಬಾಯಿಲೆ ಹೇಳು."

ಆಕಾಶ ಹೇಳಿದ. ಆ ಕಡೆಯವರಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು. "ಬ್ಯಾರೆರಿ. ನಾವು ಮೂರು ಮಂದಿ ಒಂದು ಕುಟುಂಬ. ಅಣ್ಣ ಬ್ಯಾರೆ."

ಕೀಲಿಮಣೆಯ ಸದ್ದು ಕೇಳಿಸಿತು. "ಸರಿ ಸರ್. ನಿಮ್ಮ ತಾಯಿ ಹೆಸರೂ ಇದೆ. ಅವರು ಯಾರ ಕಡೆ?"

ಇದನ್ನು ನಾವು ಯಾರೂ ಯೋಚಿಸಿರಲಿಲ್ಲ. ಆಕಾಶ ಬಾಯಿ ತೆರೆಯುವ ಮೊದಲೇ ಅತ್ತೆ, "ದೊಡ್ಡಾಂವನ ಕಡೆ. ಅಂವಗ ಯಾರೂ ಇಲ್ಲ," ಅಂದರು. ಭಾವ ಎದ್ದು ಹಿತ್ತಲಿಗೆ ಹೋಗಿ ನಮಗೆ ಬೆನ್ನು ಮಾಡಿ ನಿಂತರು.

ಶುಕ್ರವಾರ ಬೆಳಗ್ಗೆಯೇ ಮಂಜೂರಾದ ಸುದ್ದಿ ಬಂತು. ಆಸ್ಪತ್ರೆಗೆ ತಿಳಿಸಿದೆ. ದಿನ ನಮ್ಮದೇ ಉಳಿಯಿತು. ಸಂತೋಷಕ್ಕೆ ಅಡುಗೆಮನೆಗೆ ಓಡಿದರೆ ಅತ್ತೆ ಎರಡು ಕುಕ್ಕರು ಇಟ್ಟಿದ್ದರು, ಒಂದು ದೊಡ್ಡದು, ಒಂದು ಸಣ್ಣದು.

"ಇದೇನ್ರಿ ಅತ್ತಿ?"

"ದೊಡ್ಡದು ನಿಮಗ, ಸಣ್ಣದು ನನಗೂ ದೊಡ್ಡಾಂವಗೂ. ಬರಸಿದ್ದು ಸುಳ್ಳಾಗಬಾರದವ್ವಾ. ಕೂಸಿನ ಜೀವದ ಮಾತು."

ಆಫೀಸಿನವರು ಕೇಳಿದ್ದು ಟ್ಯಾಕ್ಸಿನ ಬಗ್ಗೆ ಅಷ್ಟೇ, ಅಕ್ಕಿಯ ಬಗ್ಗೆ ಅಲ್ಲ ಅಂತ ನಾನು ಎಷ್ಟು ಬಿಡಿಸಿ ಹೇಳಿದರೂ ಅತ್ತೆ ತಲೆಯಾಡಿಸಿದರು, ಕುಕ್ಕರು ಇಳಿಸಲಿಲ್ಲ. ದಿನಾ ತಮ್ಮ ತಟ್ಟೆಯಿಂದಲೇ ಸುಮನ್‌ಗೆ ತುತ್ತು ಮಾಡಿ ಉಣಿಸುವವರು ಅವತ್ತು ದೊಡ್ಡ ಕುಕ್ಕರಿನ ಅನ್ನವನ್ನು ಬೇರೆ ತಟ್ಟೆಗೆ ಹಾಕಿ, ಕಲಸಿ, ಕೊನೆಯ ತುತ್ತಿನವರೆಗೆ ಉಣಿಸಿದರು. ಬೆರಳಿಗೆ ಅಂಟಿದ ಅಗುಳನ್ನು ಬಾಯಿಗಿಡಲಿಲ್ಲ, ಕೈ ತೊಳೆದುಕೊಂಡರು. ಆಮೇಲೆ ಸಣ್ಣ ಕುಕ್ಕರು ಹಿಡಿದು ಭಾವನ ಎದುರು ಹೋಗಿ ಕೂತರು.

ಸುಮನ್ ಈಗ ಮೆಟ್ಟಿಲು ಓಡಿ ಹತ್ತುತ್ತಾಳೆ. ನಮ್ಮ ಮನೆಯಲ್ಲಿ ಗೋಡೆ ಇಲ್ಲ. ಆದರೂ ದಿನಾ ಸಂಜೆ ಸಣ್ಣ ಕುಕ್ಕರು ಕೂಗಿದಾಗ ನಾನು ಈಚೆ ನಿಂತು ಅಳುತ್ತೇನೆ.