ಒಸಾಕಾಕ್ಕೆ ಎಂಟು ಮಂದಿ

ಜಪಾನಿನ ವೀಸಾ ಕೇಳುವವರು ಯಾವ ದಿನ ಎಲ್ಲಿಗೆ ಹೋಗುತ್ತೇವೆಂದು ಬರೆದುಕೊಡಬೇಕು. ಮಗಳು ಸೌಜನ್ಯಾ, ಅಳಿಯ ಓಂಪ್ರಕಾಶ್, ಮೊಮ್ಮಗಳು ಆರತಿ ಅಮೆರಿಕದ ಪಾಸ್‌ಪೋರ್ಟಿನವರು. ಅವರಿಗೆ ಆ ಕಾಟವಿಲ್ಲ. ನನ್ನದು ಭಾರತದ್ದು.

"ಏನರ ತುಂಬವ್ವಾ, ಯಾರೂ ಓದೂದಿಲ್ಲ," ಎಂದು ಫಾರ್ಮು ಮುಂದಿಟ್ಟು ಸೌಜನ್ಯಾ ಆಫೀಸಿಗೆ ಹೋದಳು.

ಏನಾದರೂ ತುಂಬುವವಳಲ್ಲ ನಾನು. ನಲವತ್ತಾರನೇ ವಯಸ್ಸಿಗೆ ಗದಗಿನ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತೆ. ಅಮೆರಿಕದ ಕಾರ್ಮೆಲ್ ವ್ಯಾಲಿಗೆ, ಮಗಳ ಮನೆಗೆ ಬಂದ ಮೇಲೆ ಸಂಜೆ ತರಗತಿಯಲ್ಲಿ ಇಂಗ್ಲಿಷ್. ಲೈಬ್ರರಿಯಿಂದ ಒಸಾಕಾದ ಪುಸ್ತಕ ತಂದು ಹದಿನೈದು ದಿನ ಓದಿದೆ. ಸೋಮವಾರ ಕೋಟೆ, ಒಳಗೆ ಲಿಫ್ಟ್ ಇದೆ. ಮಂಗಳವಾರ ಶಿತೆನ್ನೋಜಿ ಗುಡಿ. ಅದರ ಹೊಂಡದ ತುಂಬ ಆಮೆಗಳಂತೆ. ಬುಧವಾರ ಕಾಲುವೆಯಲ್ಲಿ ದೋಣಿ. ಗುರುವಾರ ಗಾಜಿನ ಹಿಂದೆ ಬಸ್ಸಿನಷ್ಟು ದೊಡ್ಡ ಮೀನು. ಅದನ್ನು ಆರತಿಯ ಪಕ್ಕ ನಿಂತು ನೋಡಬೇಕೆಂದು ನನ್ನಾಸೆ.

ಲಾಸ್ ಏಂಜಲೀಸಿನ ವೀಸಾ ಕಚೇರಿಯಲ್ಲಿ ಕಿಟಕಿಯ ಹಿಂದಿನ ಹುಡುಗಿ ನನ್ನ ಹಾಳೆಯನ್ನು ಪೂರ್ತಿ ಓದಿದಳು. ಆಮೆಗಳ ಹತ್ತಿರ ಬಂದಾಗ ನಕ್ಕಳು.

ವೀಸಾ ಬಂದ ಭಾನುವಾರ ಮಧ್ಯಾಹ್ನ ಸೌಜನ್ಯಾಳ ಗೆಳತಿ ಮಂಜುಶ್ರೀ ಮನೆಮಂದಿಯ ಜೊತೆ ಊಟಕ್ಕೆ ಬಂದಳು. ಬೆಂಗಳೂರಿನ ಕಡೆಯವರು, ನಾಲ್ವರು. ಒಸಾಕಾಕ್ಕೆ ನಮ್ಮ ಜೊತೆ ಹೊರಡುವವರು ಅವರೇ.

"ಅಲ್ಲಿ ನೀರು ಬಿಟ್ರೆ ಎಲ್ಲದ್ರಲ್ಲೂ ಮೀನಂತೆ ಆಂಟಿ! ನೀವಿದ್ದೀರಲ್ಲ ಅಂತಾನೇ ಧೈರ್ಯ," ಎಂದು ಮಂಜುಶ್ರೀ ಇನ್ನೊಂದು ರೊಟ್ಟಿ ಹಾಕಿಕೊಂಡಳು.

ಓಂಪ್ರಕಾಶ್ ಟೀವಿಯ ಮೇಲೆ ಪ್ಲ್ಯಾನ್ ತೋರಿಸಿದರು. ಕೋಟೆಗೆ ಏಳು ಟಿಕೆಟ್ಟು. ದೋಣಿಗೆ ಏಳು. ಮೀನಿಗೂ ಏಳು.

"ನಾವು ಎಂಟು ಮಂದಿ ಅಲ್ಲೇನ್ರೀ?" ಎಂದೆ.

ಓಂಪ್ರಕಾಶ್ ಹೆಂಡತಿಯ ಮುಖ ನೋಡಿದರು.

"ನಿನಗ ಮೊಣಕಾಲ್ ನೋವೈತಲ್ಲವ್ವಾ," ಎಂದಳು ಸೌಜನ್ಯಾ. "ಅದಕ್ಕ ಕಿಚನ್ ಇರೂ ಅಪಾರ್ಟ್‌ಮೆಂಟ್ ಬುಕ್ ಮಾಡೀವಿ. ಆರಾಮ ಇರು. ನಾವು ಬರೂದ್ರಾಗ ಅನ್ನ, ಸಾರು ಆಗಿದ್ರ ಸಾಕು."

"ಕೋಟ್ಯಾಗ ಲಿಫ್ಟ್ ಐತಿ."

"ಅಜ್ಜಿ, ಟ್ವೆಂಟಿ ಥೌಸಂಡ್ ಸ್ಟೆಪ್ಸ್ ಎ ಡೇ," ಎಂದಳು ಆರತಿ, ಫೋನಿನಿಂದ ತಲೆ ಎತ್ತದೆ.

"ಆಂಟಿ ಸಾರಿನ ಮುಂದೆ ಯಾವ ಕೋಟೆ ಬಿಡಿ!" ಎಂದಳು ಮಂಜುಶ್ರೀ. ಎಲ್ಲರೂ ನಕ್ಕರು. ನಾನೂ ನಕ್ಕೆ. ಬಡಿಸುವವಳು ಮುಖ ಗಂಟಿಕ್ಕಬಾರದು.

ಅವರು ಹೋದ ಮೇಲೆ ಪಾತ್ರೆ ತೊಳೆಯುತ್ತ, "ಸೌಜನ್ಯಾ, ನಾ ಬರೂದಿಲ್ಲ," ಎಂದೆ. ಯಾಕೆಂದು ಕೇಳುತ್ತಾಳೆ, ಕೇಳಿದರೆ ಹೇಳೋಣ ಎಂದುಕೊಂಡು ನಲ್ಲಿ ನಿಲ್ಲಿಸಿದೆ.

"ಅಯ್ಯ! ಹಂಗಾರ ಏಳು ಮಂದಿಗೆ ಅಡಿಗಿ ಯಾರ್ ಮಾಡ್ತಾರವ್ವಾ?"

ನಲ್ಲಿ ಮತ್ತೆ ತಿರುಗಿಸಿದೆ. "ಕುಕ್ಕರ್ ಒಯ್ಯಿರಿ," ಎಂದೆ.

ಅವಳು ಫೋನು ತೆಗೆದಳು. "ಹೇಳು, ಬರಕೋತೀನಿ."

"ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು."

ಬರೆದುಕೊಂಡಳು.

"ಸಾರಿಗೆ?" ಎಂದಳು.